ಹೊಸಪೇಟೆ ಡ್ಯಾಮಿಗೆ ಎಷ್ಟು ಮಂದಿ

"ನಸಿಕಿನಾಗ ನಾಲ್ಕಕ್ಕ ಏಳೋದು. ಐದಕ್ಕ ಬಳ್ಳಾರಿ ಬಸ್ಸು. ಬಳ್ಳಾರಿಯಾಗ ಎಂಟೂವರಿ ರೈಲು," ಎಂದು ರಜಿಯಾ ನೋಟ್‌ಬುಕ್ಕು ನೋಡಿಕೊಂಡು ಓದಿದಳು. "ಸಂಜಿ ಏಳಕ್ಕ ಎಲ್ಲರೂ ಕಾರಂಜಿ ಮುಂದ ನಿಂತಿರಬೇಕು. ಆವಾಗನ ಬಣ್ಣದ ದೀಪ ಹಾಕ್ತಾರ."

"ಉಚ್ಚಿ ಹೊಯ್ಯೋದು ಎಷ್ಟು ಗಂಟಿಗೆ?" ಎಂದು ಕೇಳಿದ ಮೌಲಾ. ಅವನು ರಜಿಯಾಳ ತಮ್ಮ, ನಾಲ್ಕು ವರ್ಷದವನು.

ಎಲ್ಲರೂ ನಕ್ಕರು. ರಜಿಯಾ ಮಾತ್ರ ನಗಲಿಲ್ಲ. ಸಿರುಗುಪ್ಪದ ಅವರ ಮನೆಯವರೆಲ್ಲ ಒಟ್ಟಿಗೆ ತಿರುಗಾಡಲು ಹೊರಟಿದ್ದು ಇದೇ ಮೊದಲು. ಮದುವೆಗೆ ಹೋಗಿದ್ದರು, ಬಳ್ಳಾರಿ ದವಾಖಾನೆಗೆ ಹೋಗಿದ್ದರು. ಸುಮ್ಮನೆ ಹೋಗಿ, ನೋಡಿ, ಆಡಿ, ಉಂಡು ಬರಲು ಎಲ್ಲಿಗೂ ಹೋಗಿರಲಿಲ್ಲ.

ಅಪ್ಪ ಪೀರಸಾಬ್ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಮದುವೆಯ ಕಾಲ ಬಂತೆಂದರೆ ಅವನಿಗೆ ಊಟಕ್ಕೂ ಪುರುಸೊತ್ತು ಇರುತ್ತಿರಲಿಲ್ಲ. ಈಗ ದಸರಾ ರಜೆ, ಕೆಲಸ ಕಡಿಮೆ. "ಬರೋ ಐತವಾರ ಎಲ್ಲರೂ ಹೊಸಪೇಟಿ ಡ್ಯಾಮಿಗೆ ಹೋಗಿ ಬರೋಣು," ಎಂದು ಅವನು ಹೇಳಿದ ದಿನವೇ ರಜಿಯಾ ಐದನೇ ಇಯತ್ತೆಯ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆ ತೆರೆದು ಬರೆಯಲು ಕೂತಿದ್ದಳು.

ಹೋದ ವರ್ಷ ಶಾಲೆಯವರು ಅಲ್ಲಿಗೇ ಟೂರು ಹೋಗಿದ್ದರು. ಆಗ ರಜಿಯಾಳಿಗೆ ಮಂಗನಬಾವು. ಎರಡೂ ಕೆನ್ನೆ ಊದಿಸಿಕೊಂಡು ಮನೆಯಲ್ಲಿ ಮಲಗಿದ್ದಳು. ಗೆಳತಿಯರು ತಿರುಗಿ ಬಂದ ಮೇಲೆ ವಾರಗಟ್ಟಲೆ ಅದೇ ಮಾತು. ಡ್ಯಾಮಿನ ಹತ್ತಿರ ತೋಟ ಇದೆಯಂತೆ. ತೋಟದಲ್ಲಿ ಜಾರುಬಂಡಿ, ಉಯ್ಯಾಲೆ, ಜಿಂಕೆ. ಕತ್ತಲಾದ ಮೇಲೆ ಕಾರಂಜಿಯ ನೀರು ಕೆಂಪು, ಹಸಿರು, ನೀಲಿ ಆಗುತ್ತದಂತೆ. "ಏಯ್, ನೀರು ಡ್ಯಾನ್ಸ್ ಮಾಡ್ತೈತಿ," ಎಂದಿದ್ದಳು ಗೆಳತಿ ಜಂಬಮ್ಮ.

ಆ ನೀರನ್ನು ರಜಿಯಾ ಕಣ್ಣು ಮುಚ್ಚಿದಾಗಲೆಲ್ಲ ನೋಡುತ್ತಿದ್ದಳು.

ಹಾಳೆಯ ಮೇಲೆ ಆರು ಹೆಸರು ಬರೆದಿದ್ದಳು. ಅಪ್ಪ, ಅವ್ವ, ಅಜ್ಜಿ, ರಜಿಯಾ, ಮೌಲಾ, ಚಾಂದಿನಿ. ಚಾಂದಿನಿ ಇನ್ನೂ ವರ್ಷ ತುಂಬದ ಕೂಸು. ಆದರೂ ನಂಬರ್ ಕೊಟ್ಟಿದ್ದಳು.

"ಕುರುಗೋಡಿನಾಗ ಇಳಿಯೋದು ಬರದಿಲ್ಲಲ್ಲ?" ಎಂದಳು ಅಜ್ಜಿ ಹುಸೇನ್ ಬೀ. ಅವಳು ಗೋಡೆಗೆ ಒರಗಿ ಹತ್ತಿಯಲ್ಲಿನ ಕಸ ಆರಿಸುತ್ತಿದ್ದಳು.

"ಅಲ್ಲ್ಯಾಕ ಇಳಿಯೋದು?"

"ನನ್ನ ತಂಗಿ ಇಮಾಂಬಿನ್ನೂ ಕರಕೊಂಡು ಹೋಗಬೇಕಲ್ಲ."

ರಜಿಯಾ ಪೆನ್ಸಿಲ್ ಕೆಳಗಿಟ್ಟಳು. "ಅಜ್ಜಿ, ಐದರ ಬಸ್ಸು ಕುರುಗೋಡು ಒಳಗ ಹೋಗಂಗಿಲ್ಲ. ಅಲ್ಲಿ ಇಳಿದ್ರ ಬಳ್ಳಾರಿಯಾಗ ರೈಲು ಹೋಗಿಬಿಡ್ತೈತಿ. ಇಮಾಂಬಿ ಅಜ್ಜಿನ್ನ ಇನ್ನೊಮ್ಮಿ ನೋಡಿದ್ರ ಆತು."

ಅಜ್ಜಿ ಹತ್ತಿಯಿಂದ ಒಂದು ಕಡ್ಡಿ ಆರಿಸಿ ತೆಗೆದಳು. "ಹಂಗಾರ ನಾ ಬರಂಗಿಲ್ಲ ಬಿಡವ್ವ. ನೀವು ಹೋಗಿ ಬರ್ರಿ. ನಾ ಮನಿ ಕಾಯ್ತೀನಿ."

ಅವಳು ಸಿಟ್ಟು ಮಾಡಿಕೊಂಡಂತೆ ಕಾಣಲಿಲ್ಲ. ಅಜ್ಜಿ ನಡೆಯುವುದೂ ನಿಧಾನ, ಹಾದಿಯಲ್ಲಿ ಎರಡು ಕಡೆ ಕೂರಲೇಬೇಕು. ಇರಲಿ ಎಂದುಕೊಂಡು ರಜಿಯಾ ಮೂರನೇ ಹೆಸರಿನ ಮೇಲೆ ಒಂದು ಗೆರೆ ಎಳೆದಳು.

ಮರುದಿನ ಅವ್ವ ಖಾಸಿಂಬಿ ರೊಟ್ಟಿ ತಟ್ಟುತ್ತ ಹೇಳಿದಳು. "ಅತ್ತಿ ಬರದಿದ್ರ ಕೂಸಿನ್ನ ಯಾರು ಹಿಡೀತಾರ? ಬುತ್ತಿ ಗಂಟು ಹಿಡೀಲೋ, ಕೂಸು ಹಿಡೀಲೋ, ಮೌಲಾನ ಹಿಂದ ಓಡಲೋ? ನಾನೂ ಕೂಸೂ ಇಲ್ಲೇ ಇರ್ತೀವಿ."

ರಜಿಯಾ ಇನ್ನೆರಡು ಗೆರೆ ಎಳೆದಳು.

"ಅವ್ವ ಬರದಿದ್ರ ನಾ ಒಲ್ಲೆ," ಎಂದ ಮೌಲಾ.

"ರೈಲು ನೋಡಬೇಕು ಅಂತಿದ್ದಿಯಲ್ಲಲೇ."

"ಅವ್ವನ ತೊಡಿಮ್ಯಾಲ ಕುಂತು ನೋಡ್ತೀನಿ ಅಂದಿದ್ದೆ."

ಈಗ ಹಾಳೆಯ ಮೇಲೆ ಉಳಿದದ್ದು ಎರಡೇ ಹೆಸರು. ಅಪ್ಪನಿಗೆ ಹೇಳಿದಾಗ ಅವನು ಗಾದಿಯ ಮೂಲೆ ಹೊಲಿಯುತ್ತಿದ್ದ. ದಬ್ಬಣ ಎಳೆದು, ದಾರ ಕಚ್ಚಿ, "ಆತು, ಹಂಗಾರ ನಾವಿಬ್ಬರ ಹೋಗೋಣು," ಎಂದ. ಅದನ್ನು ಅವನು ಹೇಳಿದ ರೀತಿ ಮಾರ್ಕೆಟ್ಟಿಗೆ ಹೋಗಿ ಬರೋಣ ಎಂದ ಹಾಗಿತ್ತು.

ಇಬ್ಬರೇ ಆದರೆ ಎಲ್ಲ ಸರಳ. ನಾಲ್ಕಕ್ಕೆ ಏಳಬಹುದು, ಐದಕ್ಕೆ ಬಸ್ಸು ಹಿಡಿಯಬಹುದು. ಯಾರೂ ಅಳುವುದಿಲ್ಲ, ಯಾರಿಗೂ ಕಾಲು ನೋಯುವುದಿಲ್ಲ. ಆದರೂ ಆ ಹಾಳೆ ನೋಡಿದರೆ ರಜಿಯಾಳಿಗೆ ಖುಷಿ ಆಗಲಿಲ್ಲ. ನಾಲ್ಕು ಹೆಸರಿನ ಮೇಲೆ ಗೆರೆ ಎಳೆದ ಹಾಳೆ ತಪ್ಪು ಲೆಕ್ಕದ ಹಾಗೆ ಕಾಣುತ್ತಿತ್ತು.

"ಎಲ್ಲಾ ಅಜ್ಜಿಯಿಂದ ಆಗಿದ್ದು," ಎಂದು ಅವ್ವನ ಹತ್ತಿರ ಹೋಗಿ ಕೂತಳು. "ಇಮಾಂಬಿ ಅಜ್ಜಿನ್ನ ಯಾಕ ಕರಕೊಂಡು ಹೋಗಬೇಕು?"

"ನನಗೂ ಗೊತ್ತಿಲ್ಲ. ನೀ ಕೇಳಿದ್ಯಾ?"

ರಜಿಯಾ ಕೇಳಿರಲಿಲ್ಲ.

ಮಧ್ಯಾಹ್ನ ಅಜ್ಜಿಯ ಪಕ್ಕ ಕೂತು ತಾನೂ ಒಂದು ಹಿಡಿ ಹತ್ತಿ ತೆಗೆದುಕೊಂಡಳು. ಸ್ವಲ್ಪ ಹೊತ್ತು ಕಸ ಆರಿಸಿ, "ಅಜ್ಜಿ, ಇಮಾಂಬಿ ಅಜ್ಜಿ ಡ್ಯಾಮ್ ನೋಡಬೇಕು ಅಂದಿದ್ಲಾ?" ಎಂದಳು.

"ಆಕಿ ನೋಡ್ಯಾಳ. ನಾನೂ ನೋಡೀನಿ."

"ನೀನಾ? ಯಾವಾಗ?"

"ಕಟ್ಟೋವಾಗ," ಎಂದಳು ಅಜ್ಜಿ. "ಆಗ ನಿಮ್ಮಪ್ಪ ನಮ್ಮ ಮೌಲಾನಷ್ಟಿದ್ದ. ನಿಮ್ಮ ಅಜ್ಜ ತೀರಿಕೊಂಡಿದ್ದ. ಅಲ್ಲಿ ಕೆಲಸ ಐತಿ ಅಂದ್ರು. ನಾನೂ ಇಮಾಂಬಿನೂ ಅವನ್ನ ಕರಕೊಂಡು ಹೋದ್ವಿ. ಎರಡು ವರ್ಷ ಕಲ್ಲು ಹೊತ್ತೀವಿ. ತಲಿಮ್ಯಾಲ ಸಿಂಬಿ, ಸಿಂಬಿ ಮ್ಯಾಲ ಬುಟ್ಟಿ. ಆಕಿ ಮುಂದ, ನಾ ಹಿಂದ."

ರಜಿಯಾ ಅಜ್ಜಿಯ ತಲೆಯನ್ನೇ ನೋಡಿದಳು. ಬಿಳಿ ಕೂದಲು, ನಡುವೆ ಬೈತಲೆ.

"ಆಮ್ಯಾಲ ನನಗ ಚಳಿಜ್ವರ ಬಂತು. ಇಬ್ಬರೂ ಊರಿಗೆ ಬಂದುಬಿಟ್ವಿ. ಆಗಿನ್ನೂ ನಾವಿದ್ದ ಕಡಿ ಗ್ವಾಡಿ ಎದಿಮಟ ಬಂದಿತ್ತು. ಮುಂದ ಎಷ್ಟು ಎತ್ತರ ಹೋತೋ, ನೀರು ನಿಂತದ್ದು ಹೆಂಗ ಕಾಣ್ತೈತೋ, ನೋಡಲಿಲ್ಲ. ನೋಡಿದ್ರ ಇಬ್ಬರೂ ಕೂಡಿ ನೋಡೋದು ಅಂತ ಆಕಿ, ನಾನು ಮಾತಾಡಿಕೊಂಡಿದ್ವಿ."

"ಮತ್ತ ಮೊನ್ನಿ ಯಾಕ ಹೇಳಲಿಲ್ಲ?"

"ನೀ ಜಿಂಕಿ ಅಂತಿದ್ದಿ, ಕಾರಂಜಿ ಅಂತಿದ್ದಿ. ಅದರಾಗ ಕಲ್ಲಿನ ಸುದ್ದಿ ಏನಂತ ಹೇಳಲಿ?" ಎಂದು ಅಜ್ಜಿ ನಕ್ಕಳು.

ರಜಿಯಾ ನೋಟ್‌ಬುಕ್ಕು ಎತ್ತಿಕೊಂಡು ಹಿಂದಿನ ಓಣಿಗೆ ಓಡಿದಳು. ಅಲ್ಲಿ ತಿಪ್ಪೇರುದ್ರಪ್ಪ ಮಾಸ್ತರರ ಮನೆ. ಹೋದ ವರ್ಷ ಮಕ್ಕಳನ್ನು ಟೂರಿಗೆ ಕರೆದುಕೊಂಡು ಹೋದವರು ಅವರೇ. ಬಸ್ಸಿನ ಟೈಮು ಅವರಿಗೆ ಬಾಯಿಪಾಠ.

"ಸರ್, ಕುರುಗೋಡು ಮ್ಯಾಲಿಂದ ಡ್ಯಾಮಿಗೆ ಹೋಗಾಕ ಆಗ್ತೈತೇನ್ರಿ?"

"ಯಾಕ ಆಗಂಗಿಲ್ಲ? ಆರಕ್ಕ ಇಲ್ಲಿಂದ ಕುರುಗೋಡು ಬಸ್ಸು. ಅಲ್ಲಿಂದ ಎಂಟಕ್ಕ ಕಂಪ್ಲಿ ಮ್ಯಾಲ ಹೊಸಪೇಟಿಗೆ ಐತಿ. ಹನ್ನೊಂದಕ್ಕ ಡ್ಯಾಮಿನಾಗ ಇರ್ತೀರಿ. ಬಳ್ಳಾರಿಗೆ ಹೋಗೋ ಕೆಲಸನ ಇಲ್ಲ." ಮಾಸ್ತರರು ಕನ್ನಡಕ ಸರಿಮಾಡಿಕೊಂಡರು. "ಆದ್ರ ತಿರುಗಿ ಬರೋದು ನೋಡು. ಹೊಸಪೇಟಿಯಿಂದ ಕುರುಗೋಡಿಗೆ ಕಡೀ ಬಸ್ಸು ಐದೂವರಿಗೆ."

"ದೀಪ ಹಾಕೋದು ಏಳಕ್ಕಲ್ರಿ?"

"ಏಳಕ್ಕ. ಸಣ್ಣ ಕೂಸು, ಮುದುಕರು ಇದ್ರ ಐದೂವರಿದು ಬಿಡಬ್ಯಾಡ್ರಿ."

ರಜಿಯಾ ಮಾಸ್ತರರ ಕಟ್ಟೆಯ ಮೇಲೆ ಕೂತಳು. ಕಣ್ಣು ಮುಚ್ಚಿದರೆ ಅದೇ ಕೆಂಪು, ಹಸಿರು, ನೀಲಿ. ಅಪ್ಪನ ಜೊತೆ ಇಬ್ಬರೇ ಹೋದರೆ ದೀಪ ನೋಡಿ ರಾತ್ರಿ ರೈಲಿಗೆ ತಿರುಗಬಹುದು, ಎಲ್ಲವೂ ಸಿಗುತ್ತದೆ. ಅವಳು ಪೆನ್ಸಿಲಿನ ತುದಿ ಕಚ್ಚಿದಳು. ಮಾಸ್ತರರ ಹೆಂಡತಿ ಕೈಗೆ ಬೆಲ್ಲ, ಶೇಂಗಾ ಕೊಟ್ಟು ಹೋದರು. ಅದೂ ತಿಂದು ಮುಗಿಯಿತು.

ಕೊನೆಗೆ ಹೊಸ ಹಾಳೆ ತೆರೆದಳು. "ಸಂಜೆ ಐದೂವರೆ, ಕುರುಗೋಡು ಬಸ್ಸು" ಎಂದು ಮೊದಲು ಬರೆದಳು. ಅದನ್ನು ಬರೆಯುವುದೇ ಕಷ್ಟವಿತ್ತು. ಆಮೇಲೆ ಬರೆದದ್ದು ಏಳು ಹೆಸರು.

ಮನೆಯಲ್ಲಿ ಆ ಹಾಳೆ ಓದಿ ಹೇಳಿದಳು, ಕಾರಂಜಿಯ ವಿಷಯ ಎತ್ತಲಿಲ್ಲ. ಯಾರೂ ಕೇಳಲೂ ಇಲ್ಲ. ಅಜ್ಜಿ ಮಾತ್ರ ಸಂದೂಕದಿಂದ ಹಸಿರು ಸೀರೆ ತೆಗೆದು ಎರಡು ಸಲ ಕೊಡವಿ ಮಡಚಿಟ್ಟಳು.

ಐತವಾರ ಮೌಲಾ ಬಸ್ಸಿನಲ್ಲಿ ಎರಡು ಸಲ ವಾಂತಿ ಮಾಡಿದ. ಕುರುಗೋಡಿನಲ್ಲಿ ಇಮಾಂಬಿ ಅಜ್ಜಿ ಆಗಲೇ ಬಸ್‌ಸ್ಟ್ಯಾಂಡಿನಲ್ಲಿ ಬುತ್ತಿ ಹಿಡಿದು ನಿಂತಿದ್ದಳು. ಅಪ್ಪ ಹೇಳಿ ಕಳಿಸಿದ ಸುದ್ದಿ ಮುಟ್ಟಿತ್ತು. ಅಕ್ಕತಂಗಿ ಒಂದೇ ಸೀಟಿನಲ್ಲಿ ಕೂತು ಕಂಪ್ಲಿ ಬರುವವರೆಗೂ ಮಾತು ನಿಲ್ಲಿಸಲಿಲ್ಲ. ಹೊಸಪೇಟೆಯ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಹೊಗೆ ಬಿಡುತ್ತ ಗೂಡ್ಸ್ ಗಾಡಿ ಹೋಯಿತು. ಮೌಲಾ ಅವ್ವನ ತೊಡೆಯ ಮೇಲೆ ನಿಂತು ಡಬ್ಬಿಗಳನ್ನು ಎಣಿಸಿದ. ಅವನಿಗೆ ಹತ್ತರ ತನಕ ಮಾತ್ರ ಬರುತ್ತಿತ್ತು. ಹತ್ತು ಆದ ಮೇಲೆ ಮತ್ತೆ ಒಂದರಿಂದ ಎಣಿಸಿದ.

ತೋಟದಲ್ಲಿ ಜಾರುಬಂಡಿ ಇತ್ತು, ಜಿಂಕೆಗಳಿದ್ದವು. ಬೇಲಿಯ ಸಂದಿಯಿಂದ ಒಂದು ಜಿಂಕೆ ಚಾಂದಿನಿಯ ಕೈಯಲ್ಲಿದ್ದ ರೊಟ್ಟಿ ಚೂರನ್ನು ಎಳೆದುಕೊಂಡಿತು. ಕೂಸು ಅಳಲೋ ನಗಲೋ ಎಂದು ಅವ್ವನ ಮುಖ ನೋಡಿತು. ಅವ್ವ ನಕ್ಕಳು, ಕೂಸೂ ನಕ್ಕಿತು. ಊಟವಾದ ಮೇಲೆ ಅವ್ವ ಉಯ್ಯಾಲೆಯ ಹತ್ತಿರ ಹೋಗಿ, ಸುತ್ತ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕೂತಳು. ರಜಿಯಾ ಹಿಂದಿನಿಂದ ನೂಕಿದಳು. "ಸಾಕು ಸಾಕು," ಎನ್ನುತ್ತಿದ್ದರೂ ಅವ್ವ ಇಳಿಯಲಿಲ್ಲ.

ಬಿಸಿಲು ಇಳಿದ ಮೇಲೆ ಎಲ್ಲರೂ ಡ್ಯಾಮಿನ ಹತ್ತಿರ ಹೋದರು. ಜನರನ್ನು ಬಿಡುತ್ತಿದ್ದ ಕಡೆ ನಿಂತು ನೋಡಿದರೆ ನೀರು ಆಚೆ ದಂಡೆಯೇ ಕಾಣದಷ್ಟಿತ್ತು. ಗೆಳತಿಯರು ಇದರ ಬಗ್ಗೆ ಯಾಕೆ ಒಂದು ಮಾತೂ ಹೇಳಲಿಲ್ಲ ಎಂದು ರಜಿಯಾಳಿಗೆ ಆಶ್ಚರ್ಯವಾಯಿತು.

ಅಜ್ಜಿ ನೀರನ್ನು ನೋಡಲಿಲ್ಲ. ಮೊದಲು ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟಳು. ಇಮಾಂಬಿ ಅಜ್ಜಿಯೂ ಬಂದು ಪಕ್ಕದಲ್ಲಿ ಕೈ ಇಟ್ಟಳು.

"ನಮ್ಮ ಕಲ್ಲು ಎಲ್ಲಿ ಅದಾವ ಅಕ್ಕ?"

"ಕಾಣಂಗಿಲ್ಲ. ತಳದಾಗ ಅದಾವ. ಇವೆಲ್ಲ ಅದರ ಮ್ಯಾಲ ನಿಂತಾವ."

"ಒಂದು ಬುಟ್ಟಿ ಕಲ್ಲು ಕೆಡವಿ ಮೇಸ್ತ್ರಿ ಕಡಿಂದ ಬೈಸಿಕೊಂಡಿದ್ದಿ, ನೆನಪೈತಾ?"

"ಕೆಡವಿದ್ದು ನೀನು."

"ನಾನಲ್ಲ, ನೀನ."

ಅಪ್ಪ ಮೌಲಾನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಿಂದೆ ನಿಂತಿದ್ದ. "ಅವ್ವ, ನನ್ನ ಎಲ್ಲಿ ಕುಂದ್ರಿಸಿ ಹೋಗ್ತಿದ್ರಿ?" ಎಂದು ಕೇಳಿದ.

ಅಜ್ಜಿ ಕೆಳಗೆ ದೂರಕ್ಕೆ ಕೈ ತೋರಿಸಿದಳು. "ಆ ಕಡಿ ಒಂದು ಬೇವಿನ ಗಿಡ ಇತ್ತು. ಈಗ ಇಲ್ಲ." ಆಮೇಲೆ ತಿರುಗಿ ನೀರನ್ನು ನೋಡಿದಳು. ಬಹಳ ಹೊತ್ತು ನೋಡಿದಳು. "ನಮ್ಮ ಗ್ವಾಡಿ ಇಷ್ಟು ನೀರು ನಿಲ್ಲಿಸೇತಲ್ಲ ಇಮಾಂಬಿ," ಎಂದಳು. ಇಮಾಂಬಿ ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ ಏನೋ ಗೊತ್ತಾಗಲಿಲ್ಲ.

ಇಳಿದು ಬರುವಾಗ ದಾರಿಯಲ್ಲೇ ಕಾರಂಜಿ ಸಿಕ್ಕಿತು. ನೀರು ಬಿಟ್ಟಿರಲಿಲ್ಲ. ಒಬ್ಬ ಮನುಷ್ಯ ತೊಟ್ಟಿಯೊಳಗೆ ಕೂತು ದೀಪಗಳ ಗಾಜು ಒರೆಸುತ್ತಿದ್ದ. ಒಂದು ಕೆಂಪು, ಒಂದು ಹಸಿರು, ಒಂದು ನೀಲಿ. ರಜಿಯಾ ನಿಂತುಬಿಟ್ಟಳು.

"ಏಳಕ್ಕ ಬಾ ಪಾಪ, ಹಾಕ್ತೀವಿ," ಎಂದ ಅವನು.

"ನಮ್ಮ ಬಸ್ಸು ಐದೂವರಿಗೆ ಐತ್ರಿ."

ಅವನು ನೀಲಿ ಗಾಜನ್ನು ಎತ್ತಿ ಬಿಸಿಲಿಗೆ ಹಿಡಿದ. ಅವಳ ಫ್ರಾಕಿನ ಮೇಲೆ ನೀಲಿ ಬಿತ್ತು. ಒಂದು ಗಳಿಗೆ ಅದನ್ನು ನೋಡಿ ರಜಿಯಾ ಓಡಿದಳು. ಮುಂದೆ ಅಜ್ಜಿ ಅವಳಿಗಾಗಿ ನಿಂತಿದ್ದಳು.

ರಾತ್ರಿ ಉಳಿದದ್ದು ಕುರುಗೋಡಿನಲ್ಲಿ, ಇಮಾಂಬಿ ಅಜ್ಜಿಯ ಮನೆಯಲ್ಲಿ. ಡ್ಯಾಮಿಗೆ ಹೋಗಿದ್ದ ಸುದ್ದಿ ಕೇಳಿ ನೆರೆಯ ಗಿಡ್ಡಮ್ಮ ಮಗಳ ಜೊತೆ ಬಂದು ಕಟ್ಟೆಯ ಮೇಲೆ ಕೂತಳು. ಆ ಹುಡುಗಿ ರಜಿಯಾಳ ಹತ್ತಿರ ಸರಿದು, "ಬಣ್ಣದ ನೀರು ನೋಡಿದ್ಯಾ?" ಎಂದು ಕೇಳಿದಳು.

"ಇಲ್ಲ. ದೀಪ ಹಾಕೋ ಮೊದಲ ಬಂದ್ವಿ."

"ಅಯ್ಯ, ಮತ್ತೇನು ನೋಡಿದ್ರಿ?"

ರಜಿಯಾ ಅಜ್ಜಿಯರ ಕಡೆ ತಿರುಗಿದಳು. ಕಲ್ಲು ಕೆಡವಿದ್ದು ಯಾರೆಂದು ಅಜ್ಜಿಯರಿಬ್ಬರ ಜಗಳ ಮತ್ತೆ ಶುರುವಾಗಿತ್ತು. ಗಿಡ್ಡಮ್ಮ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ರಜಿಯಾ ಎದ್ದು ಹೋಗಿ ಇಬ್ಬರ ನಡುವೆ ಜಾಗ ಮಾಡಿಕೊಂಡು ಕೂತಳು.

"ಅಜ್ಜಿ, ಮೊದಲಿಂದ ಹೇಳು," ಎಂದಳು. "ಕೆಲಸಕ್ಕ ಹೋದ ಮೊದಲನೇ ದಿನ ಏನಾತು?"

ಹುಸೇನ್ ಬೀ ಮೊಮ್ಮಗಳ ಮುಖ ನೋಡಿದಳು. ಚಾಚಿದ್ದ ಕಾಲು ಮಡಚಿ, ಸರಿಯಾಗಿ ಕೂತು, ಹೇಳಲು ಶುರು ಮಾಡಿದಳು.