ಅಕ್ಕನ ಚೀಲ

ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಮೇಡಂಗೆ ಮೊದಲು ಚುಚ್ಚಿದ ಮುಳ್ಳು ಅದೇ.

ಎಚ್‌ಐವಿ ಇರುವವರಿಗೆ ಉಚಿತವಾಗಿ ಮಾತ್ರೆ ಕೊಡುವ ಆ ಕೇಂದ್ರದಲ್ಲಿ ಮೇಡಂ ಕೂದಲು ನರೆಯುವವರೆಗೆ ದುಡಿದಿದ್ದಳು. ಔಷಧಿ ಕೋಣೆಗೆ ಇದ್ದದ್ದು ಒಂದೇ ಬೀಗದಕೈ, ಅದು ಸದಾ ಅವಳ ಕೊರಳಲ್ಲಿರುತ್ತಿತ್ತು. ಆದರೂ ಅವಳನ್ನು ಯಾರೂ ಅಕ್ಕ ಎಂದಿರಲಿಲ್ಲ, ಅಮ್ಮ ಎಂದಿರಲಿಲ್ಲ. ನಿನ್ನೆ ಮೊನ್ನೆ ಬಂದ ಸಮಾಲೋಚಕಿಗೆ ಮಾತ್ರ ಕೇಂದ್ರದ ತುಂಬ ತಮ್ಮಂದಿರು, ತಂಗಿಯರು. ಅಳುತ್ತಾ ಅವಳ ಕೋಣೆಗೆ ಹೋದವರು ನಗುತ್ತಾ ಹೊರಬರುತ್ತಿದ್ದರು.

ಹಾಗೆ ಬಂದವರು ಮೇಡಂ ಕಿಟಕಿಯಲ್ಲಿ ಮಾತ್ರೆ ಡಬ್ಬಿಯ ಜೊತೆ ಒಂದಿಷ್ಟು ಹತ್ತಿಯನ್ನೂ ಕೇಳುತ್ತಿದ್ದರು. ಗಾಯಕ್ಕೋ ಕಿವಿಗೋ, ಮೇಡಂ ವಿಚಾರಿಸಿದವಳಲ್ಲ.

"ಇದನ್ನೂ ನಿಮ್ಮಕ್ಕನೇ ಹೇಳಿಕೊಟ್ಟಿದ್ದಾ?" ಎಂದು ಮೂತಿ ತಿರುವಿ ಹರಿದು ಕೊಡುತ್ತಿದ್ದಳು.

ಈಗ ಕೇಂದ್ರದ ಮೇಲ್ವಿಚಾರಣೆಯೂ ಅಕ್ಕನಿಗೇ ಎಂದು ದೊಡ್ಡ ಡಾಕ್ಟರು ಹೇಳಿದ ದಿನ ಮೇಡಂ ಹೊಟ್ಟೆಯಲ್ಲಿ ಕೆಂಡ ಬಿತ್ತು. ನಾಳೆಯಿಂದ ರಜೆ ಬೇಕಾದರೂ ಅವಳ ಮುಂದೆ ಕೈಕಟ್ಟಿ ನಿಲ್ಲಬೇಕು.

ದಾರಿ ತಾನಾಗಿಯೇ ಹೊಳೆಯಿತು. ಹಾಸಿಗೆಯಿಂದ ಏಳಲಾರದವರ ಮಾತ್ರೆಗಳನ್ನು ಅಕ್ಕ ಸಂಜೆ ಹೊತ್ತು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಮನೆಮನೆಗೆ ಮುಟ್ಟಿಸುತ್ತಿದ್ದಳು. ಆ ಚೀಲದ ತಳದಲ್ಲಿ ನಾಲ್ಕು ಡಬ್ಬಿ ಹೆಚ್ಚಿಗೆ ಸಿಕ್ಕರೆ ಸಾಕು. ಮೇಡಂ ಆತುರಪಡಲಿಲ್ಲ. ಹಿಂದಿನ ಸಾಲಿನ ಡಬ್ಬಿಗಳನ್ನು ಒಂದೊಂದಾಗಿ ಸರಿಸಿ ಮೂಲೆಯಲ್ಲಿ ಅಡಗಿಸಿದಳು. ಮಾತ್ರೆ ಕಡಿಮೆ ಬೀಳತೊಡಗಿತು. ಮಗುವಿನ ಕೈ ಹಿಡಿದು ಬಂದ ಒಬ್ಬಾಕೆ ಬರಿಗೈಯಲ್ಲಿ ಮೆಟ್ಟಿಲಿಳಿದು ಹೋದಾಗ ಮೇಡಂಗೆ ಕರುಳು ಚುರುಕ್ಕೆಂದಿತು. ಇದೂ ಆ ಅಕ್ಕನಿಂದಲೇ ಆದದ್ದು ಎಂದುಕೊಂಡಮೇಲೆ ಸಮಾಧಾನವಾಯಿತು.

ಡಾಕ್ಟರ ಮುಂದೆ ಹೇಳಬೇಕಾದ ಮಾತನ್ನು ಒಲೆಯ ಮುಂದೆ ನಿಂತೇ ಪಾಠ ಮಾಡಿಕೊಂಡಳು. ಕಂಡೆ ಎಂದರೆ ಎಲ್ಲಿ, ಯಾವಾಗ ಎಂದು ಕೆದಕುತ್ತಾರೆ. ಕೇಳಿಸಿತು ಎಂದರೆ ಯಾರು ಕೆದಕುತ್ತಾರೆ? ಸುಳ್ಳಿಗೆ ತುಸು ಸದ್ದು ಬೆರೆಸಿದರೆ ಅದು ನಿಜದ ಹಾಗೆಯೇ ಇರುತ್ತದೆ.

ಅಕ್ಕ ಊಟಕ್ಕೆ ಎದ್ದಾಗ ಡಬ್ಬಿಗಳು ಚೀಲದ ತಳ ಸೇರಿದವು. ಸಂಜೆ, ಹೊರಗಿನ ಬೆಂಚುಗಳೆಲ್ಲ ತುಂಬಿದ್ದಾಗಲೇ, ಮೇಡಂ ದೂರಿನ ಮೇಲೆ ಡಾಕ್ಟರು ಚೀಲ ಬಿಚ್ಚಿಸಿದರು. ಒಂದೊಂದು ಡಬ್ಬಿಯೂ ಹೊರಬಂದಂತೆ ಅಕ್ಕನ ಮುಖ ಬಿಳಿಚಿಕೊಂಡಿತು. ತಮ್ಮಂದಿರು, ತಂಗಿಯರಿಗೆಲ್ಲ ಕೇಳಲಿ ಎಂದು ಮೇಡಂ ದನಿ ಎತ್ತರಿಸಿದಳು.

"ನನಗೆ ಮೊದಲೇ ಅನುಮಾನ ಇತ್ತು ಸಾರ್. ದಿನಾ ಸಂಜೆ ಇವಳು ನನ್ನ ಕಿಟಕಿ ಮುಂದೆ ಹೋಗುವಾಗ ಚೀಲದಲ್ಲಿ ಮಾತ್ರೆ ಗಲಗಲ ಅನ್ನುತ್ತೆ. ನಾನು ಕೊಟ್ಟಷ್ಟಕ್ಕೆ ಅಷ್ಟು ಸದ್ದು ಬರಲ್ಲ."

ಬೆಂಚಿನ ತುದಿಯಲ್ಲಿದ್ದ ವಯಸ್ಸಾದ ದರ್ಜಿ ಎದ್ದು, ತನ್ನ ಜೇಬಿನ ಡಬ್ಬಿ ತೆಗೆದು ಡಾಕ್ಟರ ಕಿವಿಯ ಬಳಿ ಅಲ್ಲಾಡಿಸಿದ. ಸದ್ದಿಲ್ಲ. ಅಕ್ಕನ ಚೀಲದ ಮೇಲಿನ ಡಬ್ಬಿ ಅಲ್ಲಾಡಿಸಿದ. ಅದೂ ಮೂಕ. ತಳದಲ್ಲಿ ಸಿಕ್ಕಿದ್ದನ್ನು ಎತ್ತಿದ. ಗಲಗಲ ಎಂದಿತು. "ಬಸ್ಸಲ್ಲಿ, ಮನೇಲಿ ಯಾರಿಗೂ ಗೊತ್ತಾಗಬಾರದು ಅಂತ ಅಕ್ಕ ಪ್ರತಿ ಡಬ್ಬಿಗೂ ಹತ್ತಿ ತುರುಕಿಸ್ತಾರೆ ಸಾರ್. ಅವರ ಚೀಲ ಸದ್ದು ಮಾಡಿದ್ದು ಇವತ್ತೇ ಮೊದಲು," ಎಂದವನು ಮೇಡಂ ಕಡೆ ತಿರುಗಿದ. "ದಿನಾ ಕೇಳಿಸ್ತಿತ್ತು ಅಂದ್ರಲ್ಲಮ್ಮ, ಹತ್ತಿ ಹರಿದು ಕೊಡ್ತಿದ್ದಿದ್ದು ನೀವೇ ಅಲ್ವಾ?" ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವಳನ್ನು ಅಮ್ಮ ಎಂದಿದ್ದರು. ಅವಳ ಕೈ ಮಾತ್ರ ತಾನಾಗಿ ಕೊರಳಿಗೆ ಹೋಗಿ, ಎಲ್ಲರೂ ನೋಡುತ್ತಿದ್ದ ಆ ಒಂದೇ ಬೀಗದಕೈಯನ್ನು ಮುಚ್ಚಿ ಹಿಡಿಯಿತು.