ಮೂರನೆಯ ಗೆರೆ

ಫೋಟೋ ಪ್ಲೇಟಿನ ಮೇಲೆ ಲಿಥಿಯಂನ ಎರಡೇ ಗೆರೆ ಬರಬೇಕಿತ್ತು. ಮೂರು ವಾರದಿಂದ ಮೂರು ಬರುತ್ತಿದ್ದವು.

ಪ್ರೊಫೆಸರ್ ಗೋವಿಂದರಾಜು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂರನೆಯದು ಸೋಡಿಯಂ, ಅಡುಗೆ ಉಪ್ಪಿನದು, ಇಲ್ಲಿಗೆ ಹೇಗೆ ಬಂತು ಎಂದು ಕೇಳಿದರು. ಕೇಳಿದ್ದು ಅಮಲರಾಜನನ್ನು. ಪ್ಲಾಟಿನಂ ಪಟ್ಟಿಯನ್ನು ತೊಳೆದು, ಕಾಯಿಸಿ, ಲಿಥಿಯಂ ಲವಣ ಬಳಿಯುವವನು ಅವನೇ. ಶನಿವಾರದೊಳಗೆ ತಪ್ಪು ಸಿಕ್ಕದಿದ್ದರೆ ಲ್ಯಾಬಿನ ಬೀಗದ ಕೈ ಒಪ್ಪಿಸಿ ಹೋಗಬೇಕೆಂದರು. ಅವರು ಕೂಗಾಡಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಆಚೆ ಮೇಜಿನಲ್ಲಿ ಗೆರೆಗಳನ್ನು ಅಳೆಯುತ್ತಿದ್ದ ಪುಷ್ಪಮೇರಿ ತಲೆ ಎತ್ತಿದಳು. ಕಣ್ಣು ಕೂಡಿದ ಕೂಡಲೇ ಇಬ್ಬರೂ ಬೇರೆಲ್ಲೋ ನೋಡಿದರು.

ಮಂಡಿ ಮೊಹಲ್ಲಾದ ಅಂತೋಣಪ್ಪನವರ ಮಗಳು ಅವಳು. ಇಂಟರ್ ಮುಗಿಸಿ, ಮೂರು ತಿಂಗಳು ಕೆಲಸ ನೋಡಿ ಕಾಯಂ ಮಾಡುವ ಮಾತಿನ ಮೇಲೆ ಸೇರಿದ್ದಳು. ಕೆಲಸ ಕಾಯಂ ಆಗದಿದ್ದರೆ ಕೋಲಾರದ ಗಣಿಯ ಗುಮಾಸ್ತನೊಬ್ಬನಿಗೆ ಕೊಡುವುದೆಂದು ಮನೆಯಲ್ಲಿ ಮಾತಾಗಿತ್ತು. ಅದನ್ನು ಅವಳೇ ಒಮ್ಮೆ ನಗುತ್ತಾ ಹೇಳಿದ್ದಳು. ಅಮಲರಾಜನಿಗೆ ನಗು ಬಂದಿರಲಿಲ್ಲ.

ಸೇರಿದ ಹೊಸತರಲ್ಲಿ, ಇಷ್ಟು ಸಣ್ಣ ಪರಮಾಣುವನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ ಎಂದು ಕೇಳಿದ್ದಳು. ಅವನು ಧೋರನಹಳ್ಳಿ ಕಡೆಯವನು, ರಾಗಿ ಬಡಿದು ಬೆಳೆದ ಕೈ.

"ತೂಗೋದಿಲ್ಲ, ತೂರ್ತೀವಿ. ಹೊಟ್ಟು ಗಾಳಿಗೆ ದೂರ ಹೋಗುತ್ತೆ, ಕಾಳು ಕಾಲ ಬಳಿ ಬೀಳುತ್ತೆ. ಇಲ್ಲಿ ಗಾಳಿ ಬದಲು ಅಯಸ್ಕಾಂತ. ಹಗುರ ಇದ್ದದ್ದು ಹೆಚ್ಚು ಬಾಗುತ್ತೆ, ಭಾರ ಇದ್ದದ್ದು ಕಮ್ಮಿ."

"ಹಂಗಾದ್ರೆ ಹಾಗೇ ತೂರೋದಲ್ವಾ? ಪಟ್ಟಿ ಯಾಕೆ ಕಾಯಿಸ್ಬೇಕು?"

"ತೆನೆಯನ್ನ ಹಾಗೇ ತೂರೋಕಾಗುತ್ತಾ? ಮೊದಲು ಬಡೀಬೇಕು. ಪರಮಾಣು ಎಲೆಕ್ಟ್ರಾನು ತುಂಬಿಕೊಂಡು ನೆಮ್ಮದಿಯಾಗಿದ್ರೆ ಅಯಸ್ಕಾಂತ ಎಷ್ಟು ಕರೆದರೂ ತಿರುಗಿ ನೋಡೋದಿಲ್ಲ ಕಣ್ರೀ. ಕೆಂಪಗೆ ಕಾದ ಪಟ್ಟಿಯಿಂದ ಹಾರುವಾಗ ಅದರದೊಂದು ಎಲೆಕ್ಟ್ರಾನು ಕಳಚಿ ಪಟ್ಟಿಯಲ್ಲೇ ಉಳಿಯುತ್ತೆ. ಆಮೇಲೆ ನೋಡಿ, ಎಳೆದ ಕಡೆ ಓಡುತ್ತೆ, ತಿರುಗಿಸಿದ ಕಡೆ ಬಾಗುತ್ತೆ."

"ಪಾಪ," ಎಂದಳು. ಸೆರಗಿನ ಅಂಚಿನಲ್ಲಿ ನಗು ಅಡಗಿಸಿದಳು. ಅಂದಿನಿಂದ ಅವನಿಗೆ ನಳಿಕೆಯ ಗಾಳಿ ಎಳೆಯುವ ಪಂಪಿನ ಸದ್ದು ಬೇರೆ, ತನ್ನೆದೆಯ ಸದ್ದು ಬೇರೆ ಎಂದು ಗೊತ್ತಾಗದಂತಾಗಿತ್ತು.

ಗುರುವಾರ ಬೆಳಗ್ಗೆ ಅವನು ಬಾಗಿಲಲ್ಲೇ ನಿಂತ. ಬಳಿದಿಟ್ಟ ಪಟ್ಟಿಯನ್ನು ಗಾಜಿನ ನಳಿಕೆಗೆ ಕೂರಿಸುವುದು ಪುಷ್ಪಮೇರಿಯ ಕೆಲಸ. ಅವಳು ರವಿಕೆಯಿಂದ ಅತ್ತರಿನ ಪುಟ್ಟ ಸೀಸೆ ತೆಗೆದು, ಬೆರಳು ಒದ್ದೆ ಮಾಡಿಕೊಂಡು, ಪಟ್ಟಿಯ ಮೇಲೆ ಸಣ್ಣ ಶಿಲುಬೆಯ ಗುರುತು ಎಳೆದಳು. ತುಟಿ ಅಲುಗುತ್ತಿತ್ತು.

ಸೀಸೆಯಲ್ಲಿದ್ದದ್ದು ಅತ್ತರಲ್ಲ, ಚರ್ಚಿನ ತೀರ್ಥ. ಅಮಲರಾಜನ ಅಪ್ಪ ಊರ ಚರ್ಚಿನಲ್ಲಿ ಗುರುಗಳಿಗೆ ನೆರವಾಗುವ ಉಪದೇಶಿ. ಗುರುಗಳು ನೀರನ್ನು ಮಂತ್ರಿಸುವಾಗ ಚಿಟಿಕೆ ಉಪ್ಪು ಬೆರೆಸುವುದನ್ನು ಅವನು ನೂರು ಸಲ ನೋಡಿದ್ದ.

ಹೇಳಿದರೆ ಅವಳು ಕೋಲಾರಕ್ಕೆ, ಹೇಳದಿದ್ದರೆ ತಾನು ಧೋರನಹಳ್ಳಿಗೆ. ದಿನವಿಡೀ ಅವನು ಕೂತಲ್ಲಿ ಕೂರಲಿಲ್ಲ. ಒರೆಸಿದ ಗಾಜನ್ನೇ ಮತ್ತೆ ಒರೆಸಿದ. ಸಂಜೆ ಪ್ರೊಫೆಸರರ ಬಳಿ ಹೋಗಿ, ಪಟ್ಟಿ ಸರಿಯಾಗಿ ತೊಳೆಯದ ತಪ್ಪು ತನ್ನದೇ ಎಂದುಬಿಟ್ಟ.

ಮರುದಿನ ಪುಷ್ಪಮೇರಿ ಅವನನ್ನು ಮೆಟ್ಟಿಲ ಬಳಿ ಅಡ್ಡಗಟ್ಟಿದಳು.

"ನೀವು ಪಟ್ಟಿ ತೊಳೆಯೋದು ನಾನು ನೋಡಿದೀನಿ. ಸುಳ್ಳು ಯಾಕೆ ಹೇಳಿದ್ರಿ?"

ಅವನು ಬದಿಯಿಂದ ದಾಟಿ ಹೋಗಲು ನೋಡಿದ. ಅವಳು ಬಿಡಲಿಲ್ಲ. ಕೊನೆಗೆ ನೆಲ ನೋಡುತ್ತಾ, ತೀರ್ಥದಲ್ಲಿ ಉಪ್ಪಿರುತ್ತೆ, ಸೀಸೆಯನ್ನು ಇನ್ನು ಮನೆಯಲ್ಲೇ ಇಡಿ ಎಂದ.

ಅವಳ ಕೈ ರವಿಕೆಯಲ್ಲಿದ್ದ ಸೀಸೆಯ ಮೇಲೆ ಹೋಯಿತು. ಮೂರು ವಾರದ ಹಿಂದೆ ನಳಿಕೆ ಸೀಳಿ ಗಾಜು ಸಿಡಿದಿತ್ತು. ಅವನ ಅಂಗೈ ಕೊಯ್ದದ್ದನ್ನು ಅವಳು ಮನೆಯಲ್ಲಿ ಹೇಳಿದಾಗ ತಾಯಿ ಲೂರ್ದಮ್ಮ ಸೀಸೆ ಕೊಟ್ಟಿದ್ದರಂತೆ.

"ನಿಮ್ಮ ಕೈಗೆ ಇನ್ನೊಂದು ಸಲ ಏನೂ ಆಗಬಾರದು ಅಂತ ಹಚ್ಚಿದ್ದು," ಎಂದಳು. "ನಾನೇ ನಿಮ್ಮ ಕೆಲಸಕ್ಕೆ ಕಲ್ಲು ಹಾಕ್ಬುಟ್ಟೆ."

ಅವನು ತಡೆಯುವ ಮೊದಲೇ ಅವಳು ಪ್ರೊಫೆಸರರ ಕೋಣೆ ಹೊಕ್ಕಿದ್ದಳು.

ಗೋವಿಂದರಾಜು ಪೂರ್ತಿ ಕೇಳಿದರು. ಒಂದು ಪ್ಲೇಟ್ ತೀರ್ಥವಿಲ್ಲದೆ, ಒಂದು ತೀರ್ಥ ಹಚ್ಚಿ ತೆಗೆಸಿದರು. ಮೊದಲನೆಯದರಲ್ಲಿ ಎರಡೇ ಗೆರೆ. ಎರಡನೆಯದರಲ್ಲಿ ಮೂರು. ಶನಿವಾರ ಅವರು ಅಮಲರಾಜನಿಗೆ ಕೆಲಸದಲ್ಲಿ ಉಳಿಯಲು ಹೇಳಿದರು. ಅವಳಿಗೆ, ನಿಜ ಹೇಳಿದ್ದಕ್ಕೆ ಸಂತೋಷ ತಾಯಿ, ಆದರೆ ಮೂರು ವಾರದ ಕೆಲಸ ಹಾಳಾಯಿತು, ಕಾಯಂ ಮಾಡಲಾರೆ ಎಂದರು.

ಅವಳು ಅಳದೆ ಕೊಡೆ ತೆಗೆದುಕೊಂಡು ಹೊರಟಳು. ಅಮಲರಾಜ ಪಂಪು ನಿಲ್ಲಿಸಿ ಹಿಂದೆ ಹೋದ. ಮಂಡಿ ಮೊಹಲ್ಲಾದ ಮೂಟೆಗಾಡಿಗಳ ನಡುವೆ ಇಬ್ಬರೂ ನಡೆದರು.

"ಇನ್ನು ವಾಪಸ್ ಹೋಗಿ," ಎಂದಳು, ಮನೆ ಕಂಡಾಗ.

ಅವನು ಹೋಗಲಿಲ್ಲ. ಜಗುಲಿಯ ಮೇಲಿದ್ದ ಅಂತೋಣಪ್ಪನವರು ಕನ್ನಡಕ ಏರಿಸಿ, ಯಾರಮ್ಮ ಇವರು ಎಂದರು.

"ಕೆಲಸ ಹೋಯ್ತಪ್ಪ," ಎಂದಳು ಪುಷ್ಪಮೇರಿ. "ನನ್ನ ತಪ್ಪು ಹೊತ್ಕೊಂಡು ತಮ್ಮ ಕೆಲಸ ಕಳ್ಕೊಳ್ಳೋಕೆ ಹೊರಟಿದ್ರಲ್ಲ, ಅವರು ಇವರೇ."

ಅಂತೋಣಪ್ಪನವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸ್ವಲ್ಪ ಸರಿದು ಜಾಗ ಮಾಡಿದರು.

ಅಮಲರಾಜ ಕೂರಲಿಲ್ಲ. "ಕೋಲಾರದವರಿಗೆ ಇನ್ನೂ ಮಾತು ಕೊಟ್ಟಿಲ್ಲ ತಾನೇ?" ಎಂದ, ನಿಂತೇ.

ಒಳಗೆ ಹೋಗುತ್ತಿದ್ದ ಪುಷ್ಪಮೇರಿ ಹೊಸಿಲಲ್ಲೇ ನಿಂತುಬಿಟ್ಟಳು.