ಮೂರನೆಯ ಹಸಿರು ದೀಪ

ಅಜ್ಜಿಯ ಎದೆ ಕುಲುಕದ ಹಾಗೆ ಊರು ಮುಟ್ಟಿಸಬೇಕು. ಕೆಲಸ ಇಷ್ಟೇ. ಹೈದರಾಬಾದಿನಲ್ಲಿ ಹೃದಯದ ಆಪರೇಷನ್ ಆಗಿದ್ದ ಜಂಗಮಕೋಟೆಯ ಚಿಕ್ಕವೆಂಕಟಮ್ಮನನ್ನು ಕಾರಿನಲ್ಲಿ ಅಷ್ಟು ದೂರ ಕರೆದೊಯ್ಯಬೇಡಿ, ಎದೆಯ ಹೊಲಿಗೆಗೆ ಪೆಟ್ಟಾದೀತು ಎಂದು ಡಾಕ್ಟರು ಹೇಳಿದ್ದರು. ದ್ರಾಕ್ಷಿ ವ್ಯಾಪಾರದಲ್ಲಿ ಕೈ ತುಂಬಿದ್ದ ಮಗ ಚೆನ್ನರಾಯಪ್ಪ ಒಂದು ಪುಟ್ಟ ಜೆಟ್ ವಿಮಾನವನ್ನೇ ಬಾಡಿಗೆಗೆ ಹಿಡಿದ.

ಅದರ ಕ್ಯಾಪ್ಟನ್ ಶಾಜಿಯಾ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಜಿಯಾವುಲ್ಲಾರ ಮಗಳು. ಪಕ್ಕದ ಸೀಟಿನ ಪೈಲಟ್ ಗೌರಿಬಿದನೂರಿನ ಕೇಶವ್, ಬಾಯಿ ತೆರೆದರೆ ತಮಾಷೆ.

ಎಲ್ಲರೂ ಒಂದೇ ಜಿಲ್ಲೆಯವರೆಂದ ಮೇಲೆ ಕೇಳಬೇಕೆ? ವಿಮಾನ ಹತ್ತುವ ಮೊದಲೇ ಅಜ್ಜಿಯ ವಿಚಾರಣೆ ಶುರುವಾಯಿತು.

"ಜಿಯಾವುಲ್ಲಾ ಸಾಬ್ರ ಮಗಳಾ ನೀನು? ನಮ್ಮ ರೇಷ್ಮೆಗೂಡು ಎಷ್ಟೋ ವರ್ಷ ಅವರೇ ಕೊಳ್ತಿದ್ರು ಕಣಮ್ಮ!"

ಆಮೇಲೆ ಅಜ್ಜಿ ವಿಮಾನದ ಮುಂದಿನ ಚಕ್ರದ ಹತ್ತಿರ ಹೋಗಿ ಕುಂಕುಮವಿಟ್ಟು ಕೈಮುಗಿದಳು. ಆಯುಧಪೂಜೆಯ ದಿನ ಟ್ರ್ಯಾಕ್ಟರಿಗೂ ಸೈಕಲ್ಲಿಗೂ ಪೂಜೆ ಮಾಡುವ ಜನ, ಜೀವ ಹೊತ್ತು ಹಾರುವ ಯಂತ್ರವನ್ನು ಸುಮ್ಮನೆ ಬಿಟ್ಟಾರೆಯೇ? ಹಿರಿಯರ ಪ್ರಾರ್ಥನೆಯನ್ನು ನಿಂತು ದಿಟ್ಟಿಸಬಾರದು ಎಂದು ಶಾಜಿಯಾ ಮುಖ ತಿರುಗಿಸಿದಳು. ಚಕ್ರಗಳನ್ನು ಪರೀಕ್ಷಿಸುವ ಕೆಲಸ ಆಗಲೇ ಮುಗಿದಿತ್ತು. ಇನ್ನೊಮ್ಮೆ ಬಗ್ಗಿ ನೋಡಲಿಲ್ಲ.

ಆಕಾಶ ತಿಳಿಯಾಗಿತ್ತು. ನಂದಿಬೆಟ್ಟ ಕಂಡಾಗ ಶಾಜಿಯಾ ಚಕ್ರ ಇಳಿಸಲು ಹೇಳಿದಳು. ಕೇಶವ್ ಅದರ ಹಿಡಿ ಕೆಳಕ್ಕೆ ಒತ್ತಿದ.

ಚಕ್ರ ಇಳಿದು ಬೀಗ ಬಿದ್ದರೆ ಹತ್ತುವ ಮೂರು ಹಸಿರು ದೀಪಗಳಲ್ಲಿ ಎರಡು ಹತ್ತಿದವು. ಮೂರನೆಯದು ಕೆಂಪಗೇ ಉಳಿಯಿತು.

"ಮುಂದಿನ ಚಕ್ರ, ಮೇಡಂ."

"ಮೇಲೆ ಹೋಗಣ."

ಇಂಜಿನ್ ಗುಡುಗಿತು. ವಿಮಾನ ಮೂತಿ ಎತ್ತಿ ಮೇಲೇರಿತು. ಶಾಜಿಯಾ ಕೆಳಗಿನ ವಿಮಾನ ನಿಲ್ದಾಣಕ್ಕೆ ವಿಷಯ ತಿಳಿಸಿದಳು. ಇಂಧನ ಉರಿದು ಕಡಿಮೆಯಾಗುವವರೆಗೆ ಉತ್ತರದಲ್ಲಿ ಸುತ್ತುತ್ತಿರಲು ಅಪ್ಪಣೆ ಸಿಕ್ಕಿತು. ಮುಂದಿನ ಚಕ್ರಕ್ಕೆ ಬೀಗ ಬಿದ್ದಿರದಿದ್ದರೆ ನೆಲ ಮುಟ್ಟಿದಾಗ ಅದು ಮಡಚಿಕೊಳ್ಳುತ್ತದೆ, ವಿಮಾನ ಮೂತಿ ಕೆಳಗಾಗಿ ಬೀಳುತ್ತದೆ. ಉಳಿದವರು ಹೇಗೋ ತಡೆದುಕೊಂಡಾರು. ಆ ಪೆಟ್ಟನ್ನು ಅಜ್ಜಿಯ ಎದೆ ತಡೆಯದು.

ಕೆಳಗೆ ಅವರವರ ಊರುಗಳೇ ಹಾಸಿಕೊಂಡಿದ್ದವು. ಗೌರಿಬಿದನೂರಿನ ಮೆಕ್ಕೆಜೋಳದ ಹೊಲಗಳು, ಚಿಕ್ಕಬಳ್ಳಾಪುರದ ಸುತ್ತ ದ್ರಾಕ್ಷಿ ಚಪ್ಪರಗಳ ಸಾಲು, ನಡುನಡುವೆ ಬಿಸಿಲಿಗೆ ಹೊಳೆಯುವ ಕೆರೆಗಳು. ಪೂರ್ವಕ್ಕೆ ಚಿಂತಾಮಣಿಯ ಹತ್ತಿರ ಅಂಬಾಜಿದುರ್ಗದ ಬಂಡೆಗಳು ರಾಶಿ ಹಾಕಿದಂತೆ ಕೂತಿದ್ದವು. ತಿರುವಿನಲ್ಲಿ ಶಿಡ್ಲಘಟ್ಟವೂ ಕಂಡಿತು. ಆ ಹೊತ್ತಿಗೆ ಅಬ್ಬ ಬಿಸಿನೀರಿನ ತೊಟ್ಟಿಯ ಮುಂದೆ ಕೂತು ಗೂಡಿನಿಂದ ನೂಲು ತೆಗೆಯುತ್ತಿರುತ್ತಾರೆ ಎಂದು ಶಾಜಿಯಾ ನೆನೆದಳು.

"ನಮ್ಮಮ್ಮ ತಾರಸಿ ಮೇಲೆ ಹಪ್ಪಳ ಒಣಗಿಸ್ತಿರ್ತಾಳೆ. ಅಲ್ಲೇ ಇಳಿಯಣ್ವಾ?" ಎಂದ ಕೇಶವ್. ಅವನ ಹಣೆಯ ತುಂಬ ಬೆವರು.

"ಮೊದಲು ತುರ್ತು ಹಿಡಿ ಎಳೆಯಪ್ಪ."

ಎಳೆದ. ಚಕ್ರವನ್ನು ಕೆಳಕ್ಕೆ ನೂಕಲು ಬಾಟಲಿಯಲ್ಲಿ ತುಂಬಿಟ್ಟಿದ್ದ ಗಾಳಿ ಭುಸ್ಸೆಂದು ನುಗ್ಗಿತು. ನೆಲದಡಿ ದಡಾರ್ ಎಂದು ಸದ್ದಾಯಿತು.

ದೀಪ ಕೆಂಪಗೇ ಇತ್ತು.

ಶಾಜಿಯಾ ವಿಮಾನವನ್ನು ಕೇಶವನಿಗೆ ಒಪ್ಪಿಸಿ ಹಿಂದೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಚೆನ್ನರಾಯಪ್ಪ ಸೀಟಿನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಅಜ್ಜಿಯ ಮುಖ ಮಾತ್ರ ಬಿಳಿಚಿತು.

"ಅಯ್ಯೋ ದೇವುಡಾ... ಮುಂದಿನ ಚಕ್ರಾನಾ? ಅದಕ್ಕೆ ನಾನೇ ದಾರ ಕಟ್ದೆ ಕಣಮ್ಮ. ಕುಂಕುಮ ಇಟ್ಟಾಗ."

"ಏನಮ್ಮ ನೀನು!" ಎಂದು ಮಗ ಸಿಡಿದ.

"ಹತ್ತಿ ದಾರಾನಾ, ಅಜ್ಜಿ?" ಎಂದಳು ಶಾಜಿಯಾ. " ಗಾಳಿಗೇ ಹರಿದಿರುತ್ತೆ ಬಿಡಿ."

"ರೇಷ್ಮೆ. ಐದೆಳೆ ಹೊಸೆದದ್ದು. ಹಿಂದೆ ನಿಮ್ಮಪ್ಪನೇ ಕೊಟ್ಟಿದ್ದು ತಾಯಿ. ಅವರ ಕೈಯ ನೂಲು ಹರಿಯಲ್ಲ ಅಂತ ನಂಬ್ಕೊಂಡೇ ಕಟ್ದೆ."

ಅಂಥ ಹೊತ್ತಿನಲ್ಲೂ ಶಾಜಿಯಾಳಿಗೆ ನಗು ಬಂತು. "ಅಬ್ಬನ ನೂಲಾ? ಹಾಗಾದ್ರೆ ಹರಿದಿರಲ್ಲ."

ಆ ದಾರ ಚಕ್ರದ ಬಳಿ ಇರುವ ದೀಪದ ಸ್ವಿಚ್ಚಿಗೆ ಸುತ್ತಿಕೊಂಡಿದ್ದರೆ ಸುಳ್ಳು ಹೇಳುತ್ತಿರುವುದು ದೀಪ ಮಾತ್ರ, ಚಿಂತೆಯಿಲ್ಲ. ಚಕ್ರದ ಬೀಗಕ್ಕೇ ಸಿಕ್ಕಿಕೊಂಡಿದ್ದರೆ? ನೆಲದಲ್ಲಿದ್ದವರು ಚಕ್ರ ನೋಡಲೆಂದು ವಿಮಾನವು ನಿಲ್ದಾಣದ ಮೇಲೆ ತಗ್ಗಿನಲ್ಲಿ ಒಮ್ಮೆ ಹಾದು ಹೋಯಿತು. ಚಕ್ರ ಹೊರಗೆ ಬಂದಿದೆ, ಬೀಗ ಬಿದ್ದಿದೆಯೋ ಇಲ್ಲವೋ ಇಲ್ಲಿಂದ ತಿಳಿಯದು ಎಂದರು ಕೆಳಗಿನವರು. ಇನ್ನುಳಿದದ್ದು ಇಳಿಯುವುದೊಂದೇ.

ಎಲ್ಲರೂ ಮುಂದಕ್ಕೆ ಬಾಗಿ ಕೂರಬೇಕು. ಆದರೆ ಹೊಲಿಗೆ ಹಾಕಿದ ಎದೆಯವಳು ಬಾಗುವಂತಿಲ್ಲ. ಶಾಜಿಯಾ ಅಜ್ಜಿಯನ್ನು ಬೆನ್ನು ವಿಮಾನದ ಮೂತಿಯ ಕಡೆಗಿರುವ ಸೀಟಿಗೆ ಕೂರಿಸಿ ಎದೆಗೆ ದಿಂಬು ಕೊಟ್ಟು ಬೆಲ್ಟು ಬಿಗಿದಳು.

"ಹೆದರ್ಕೋಬೇಡಿ. ಮೆತ್ತಗೆ ಇಳಿಸ್ತೀನಿ."

"ನಿನ್ನ ಕೈಲಿ ಇದೀನಿ ಮಗಾ," ಎಂದಳು ಅಜ್ಜಿ. ಬೈಗುಳ ಬರಬಹುದೆಂದಿದ್ದ ಕಡೆ ಆ ನಂಬಿಕೆ ಬಂದದ್ದು ಶಾಜಿಯಾಳಿಗೆ ದೊಡ್ಡ ಬಲವಾಯಿತು.

ಶಾಜಿಯಾ ಮುಂದಿನ ತನ್ನ ಸೀಟಿಗೆ ಮರಳಿದಳು. ರನ್‌ವೇ ಎದುರಾಯಿತು. ಎರಡೂ ಬದಿಗೆ ಅಗ್ನಿಶಾಮಕದ ವಾಹನಗಳು.

ಹಿಂದಿನ ಚಕ್ರಗಳು ನೆಲ ಸವರಿದವು.

ಶಾಜಿಯಾ ವಿಮಾನ ನಡೆಸುವ ಹಿಡಿಯನ್ನು ತನ್ನತ್ತ ಎಳೆದು ಹಿಡಿದಳು. ಮೂತಿ ಗಾಳಿಯಲ್ಲೇ ನಿಂತಿತು. ಬ್ರೇಕ್ ಮುಟ್ಟಲಿಲ್ಲ. ವೇಗ ತಾನಾಗಿ ಇಳಿಯಬೇಕು.

"ಇಳೀತಿದೆ ಮೇಡಂ... ಇನ್ನೂ ಇಳೀತಿದೆ..."

ಮೂತಿ ಭಾರವಾಯಿತು. ಬಿಸಿ ಹಾಲು ಬಟ್ಟಲಿಗೆ ಬಗ್ಗಿಸುವಷ್ಟು ನಿಧಾನವಾಗಿ ಅವಳು ಅದನ್ನು ಕೆಳಗೆ ಬಿಟ್ಟಳು.

ಟಕ್.

ಚಕ್ರ ಮಡಚಲಿಲ್ಲ. ಉರುಳಿತು. ಉರುಳಿ ಉರುಳಿ ನಿಂತಿತು.

ತಮಾಷೆಗಾರ ಕೇಶವ್ ಕೈಮುಗಿದು ಕೂತುಬಿಟ್ಟ. "ಅಲ್ಲಾಹನ ದಯೆ," ಎಂದು ಶಾಜಿಯಾ ಕಣ್ಣೊರೆಸಿಕೊಂಡಳು. ಹಿಂದಿನಿಂದ ಅಜ್ಜಿಯ ದನಿ ಬಂತು: "ಇಳಿದದ್ದೇ ಗೊತ್ತಾಗ್ಲಿಲ್ವಲ್ಲೋ ಚೆನ್ನ!"

ಇಂಜಿನಿಯರು ಚಕ್ರದ ಗೂಡಿಗೆ ತಲೆ ಹಾಕಿ ನೋಡಿದ. ಬೀಗ ಸರಿಯಾಗಿ ಬಿದ್ದಿತ್ತು. ದೀಪದ ಸ್ವಿಚ್ಚಿನ ಕಡ್ಡಿಗೆ ಮಾತ್ರ ಅರಿಶಿನ ಬಣ್ಣದ ರೇಷ್ಮೆ ಬಿಗಿಯಾಗಿ ಸುತ್ತಿಕೊಂಡಿತ್ತು. ಕತ್ತರಿಸಲು ಬ್ಲೇಡೇ ಬೇಕಾಯಿತು. ಚೆನ್ನರಾಯಪ್ಪ ಅಗ್ನಿಶಾಮಕದವರಲ್ಲಿ ಒಬ್ಬೊಬ್ಬರ ಕೈಯನ್ನೂ ಹಿಡಿದು ಹಿಡಿದು ನಮಸ್ಕರಿಸಿದ.

ಗಾಲಿಕುರ್ಚಿಯಲ್ಲಿ ಕೂತ ಅಜ್ಜಿ ತನ್ನ ಚೀಲ ತಡಕಿ ಉಳಿದಿದ್ದ ದಾರ ತೆಗೆದಳು.

"ಕೈ ಕೊಡಮ್ಮ. ಚಕ್ರಕ್ಕೆ ಕಟ್ಟಿ ತಪ್ಪು ಮಾಡ್ದೆ. ಇಲ್ಲಿ ಕಟ್ಟಬೇಕಾಗಿತ್ತು."

ಅಜ್ಜಿ ದಾರವನ್ನು ಅವಳ ಮಣಿಕಟ್ಟಿಗೆ ಸುತ್ತತೊಡಗಿದಳು. ಶಾಜಿಯಾ ಮುಖ ತಿರುಗಿಸಲಿಲ್ಲ. ಈ ಸಲ ಗಂಟು ಬೀಳುವವರೆಗೂ ನೋಡಿದಳು.

ಆಮೇಲೆ ಮನೆಗೆ ಫೋನ್ ಮಾಡಿದಳು.

"ಅಬ್ಬಾ, ನಿಮ್ಮ ನೂಲು ಇಷ್ಟು ಗಟ್ಟಿ ಇರಬಾರದಿತ್ತು."

"ಯಾಕಮ್ಮ, ಯಾರಾದ್ರೂ ದೂರು ಹೇಳಿದ್ರಾ?"

"ಇಲ್ಲ ಅಬ್ಬಾ," ಎಂದಳು ಶಾಜಿಯಾ, ಮಣಿಕಟ್ಟಿನ ದಾರ ಸವರುತ್ತ. "ಮನೆಗೆ ಬರ್ತಿದೀನಿ. ಊಟಕ್ಕೆ ಕಾಯ್ತಿರಿ."